ಬಿಟ್ಟ ಸಾಲು

ಭಾನುವಾರದ ಮಾತನ್ನು ಭಾವ ಇನ್ನೂ ಅವನೆದುರು ಎತ್ತಿರಲಿಲ್ಲ. ನಿನ್ನೆ ಎತ್ತಲಿಲ್ಲ, ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಬಂದರೂ ಎತ್ತಲಿಲ್ಲ, ಲಿಫ್ಟಿನಲ್ಲಿ ಕಟ್ಟಡದ ತಾರಸಿಗೆ ಏರುವಾಗಲೂ ಗಾಜು ಒರೆಸುವ ರಬ್ಬರಿನ ಅಂಚು ಸವೆದಿದೆ, ಸೂಪರ್‌ವೈಸರ್ ಹತ್ತಿರ ಹೊಸದು ಕೇಳಬೇಕು ಎಂದರೇ ಹೊರತು ಆ ಸುದ್ದಿಗೆ ಹೋಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಕ್ಕಿದ್ದರಂತೂ ಇನ್ನೂ ಚೆನ್ನಾಗಿತ್ತು. ಅಕ್ಕನ ಗಂಡ ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮನುಷ್ಯರಲ್ಲ. ಅಂಥವರು ಸುಮ್ಮನಿದ್ದಾರೆ ಅಂದರೆ ಅವರಿಗೆ ಗೊತ್ತಾಗಿದೆ ಎಂದೇ ಅರ್ಥ. ಪಾದ್ರಿಯವರು ಆವತ್ತು ಚರ್ಚಿನಲ್ಲಿ ಇದ್ದಕ್ಕಿದ್ದಂತೆ ಅವನ ಕಡೆ ಕೈ ತೋರಿಸಿ, ಈ ವಾರ ನೀನು ಮುಂದೆ ಬಂದು ಹೇಳಿಕೊಡು ಎಂದಿದ್ದರು. ಹೇಳಿಕೊಡಬೇಕಾದದ್ದು ಹೊಸದೇನಲ್ಲ. ಯೇಸುಸ್ವಾಮಿ ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ, ಮಾತು ಕಲಿತ ಮಗುವಿಗೂ ಬಾಯಿಪಾಠ ಬರುವಂಥದ್ದು; ಒಬ್ಬರು ಒಂದೊಂದೇ ಸಾಲು ಹೇಳುವುದು, ಸಭೆಯವರು ಹಿಂದಿನಿಂದ ಹೇಳುವುದು. ತಂದೆಯನ್ನು ಕರೆದದ್ದಾಯಿತು, ಅವನ ಹೆಸರನ್ನು ಕೊಂಡಾಡಿದ್ದಾಯಿತು, ಅವನ ರಾಜ್ಯ ಬರಲಿ ಎಂದದ್ದಾಯಿತು. ಮುಂದಿನ ಸಾಲು, ನಿನ್ನ ಚಿತ್ತದಂತೆಯೇ ಆಗಲಿ ಅನ್ನುವುದು, ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು. ಇಷ್ಟು ವರ್ಷ ಬೆಂಚುಗಳ ನಡುವೆ ನಿಂತು ಆ ಸಾಲು ಬಂದಾಗ ಅವನು ಬರೀ ತುಟಿ ಅಲ್ಲಾಡಿಸಿದ್ದ. ಅಷ್ಟು ಜನರ ದನಿಯಲ್ಲಿ ಅವನದೊಂದು ಕಡಿಮೆಯಾದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಅಲ್ಲಿ ಇದ್ದದ್ದು ಅವನದೊಂದೇ ದನಿ. ಜನ ಕಾದರು. ಯಾರೋ ಕೆಮ್ಮಿದರು. ಮುಂದಿನ ಬೆಂಚಿನ ಮುದುಕಿಯೊಬ್ಬಳು ಪಾಪ ಮರೆತುಹೋಯಿತೇನೋ ಎಂದು ಕಣ್ಣಿನಲ್ಲೇ ಧೈರ್ಯ ಹೇಳಿದಳು. ಆಮೇಲೆ ಮಧ್ಯದಿಂದ ಭಾವನ ದೊಡ್ಡ ಗಂಟಲು ಆ ಸಾಲನ್ನು ಎತ್ತಿಕೊಂಡಿತು, ಜಾರಿ ಬೀಳುತ್ತಿದ್ದ ಮಗುವನ್ನು ತೋಳು ಹಿಡಿದು ಎಳೆದುಕೊಂಡಂತೆ. ಎಲ್ಲರೂ ಅವರ ಹಿಂದೆ ಹೋದರು.

ತಾರಸಿಯ ಅಂಚಿನಲ್ಲಿ ತೊಟ್ಟಿಲು ತೂಗುತ್ತಿತ್ತು. ಅದಕ್ಕೆ ಕಂಪನಿಯವರು ಇಟ್ಟ ಹೆಸರು ಬೇರೆ. ಕೆಲಸದವರು ತೊಟ್ಟಿಲು ಎನ್ನುತ್ತಿದ್ದರು. ಎರಡು ತುದಿಗೆ ಎರಡು ಮೋಟಾರು, ಎರಡು ಉಕ್ಕಿನ ಹಗ್ಗ, ನಡುವೆ ಇಬ್ಬರು ನಿಲ್ಲುವಷ್ಟು ಉದ್ದದ ಕಂಬಿಯ ಗೂಡು. ಒಂದೊಂದು ತುದಿಯಲ್ಲಿ ಒಬ್ಬೊಬ್ಬರು ಗುಂಡಿ ಒತ್ತಿ ಹಿಡಿದರೆ ಒಟ್ಟಿಗೆ ಇಳಿಯುತ್ತದೆ. ಹತ್ತುವ ಮೊದಲು ಭಾವ ಎಂದಿನಂತೆ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. “ಬೆಲ್ಟು, ಹಗ್ಗ, ಪ್ರಾರ್ಥನೆ. ಮೂರೂ ಬಿಗಿಯಾಗಿರಬೇಕು” ಅನ್ನುವುದು ಅವರ ದಿನನಿತ್ಯದ ತಮಾಷೆ, ತಮಾಷೆಯಂತೆ ಹೇಳಿದರೂ ಒಂದು ದಿನವೂ ತಪ್ಪಿಸಿದವರಲ್ಲ. ಪಕ್ಕದ ಮನೆಯವರ ಹತ್ತಿರ ಮಾತಾಡುವಂತೆ ಗಟ್ಟಿಯಾಗಿ ಮಾತಾಡುತ್ತಾರೆ: ಸ್ವಾಮಿ, ಗಾಳಿ ನಿಂದು, ಹಗ್ಗ ಕಂಪನೀದು, ಜೀವ ನಿಂದು, ನೋಡ್ಕೋ. ಅವನು ತಲೆ ಬಗ್ಗಿಸುತ್ತಾನೆ, ಕಣ್ಣು ಮುಚ್ಚುವುದಿಲ್ಲ. ಎತ್ತರದ ಹೆದರಿಕೆ ಅವನಿಗೆ ಯಾವತ್ತೂ ಇರಲಿಲ್ಲ. ಇಷ್ಟು ಮಹಡಿ ಕೆಳಗೆ ಬಸ್ಸುಗಳು ಬೆಂಕಿಪೆಟ್ಟಿಗೆಯಂತೆ ಹರಿದಾಡುವುದನ್ನು ನೋಡಿ ಅವನ ಕಾಲು ಒಮ್ಮೆಯೂ ನಡುಗಿಲ್ಲ. ಅವನ ಹೆದರಿಕೆ ಭಾವನ ಆ ಗಟ್ಟಿ ದನಿಯದು. ಶಾಲೆಯಲ್ಲಿ ಕೊನೆಯ ಬೆಂಚಿನ ಹುಡುಗ ಮುಂದಿನವನ ಬೆನ್ನಿನ ಹಿಂದೆ ಕುಗ್ಗಿ ಕೂತಿರುವಾಗ ಪಕ್ಕದವನು ಸುಮ್ಮಸುಮ್ಮನೆ ಎದ್ದು ನಿಂತು ಮೇಷ್ಟ್ರನ್ನು ಕೂಗಿದರೆ ಹೇಗಾಗುತ್ತದೋ ಹಾಗೆ. ಕೂಗಬೇಡಿ, ಕೂಗಿದರೆ ದೇವರು ಈ ಕಡೆ ನೋಡುತ್ತಾನೆ, ನಮ್ಮನ್ನು ಅವನಿಗೆ ನೆನಪು ಮಾಡಬೇಡಿ ಎಂದು ಅವನ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಆಮೆನ್ ಎಂದ ಮೇಲೆ ಭಾವ ಹೆಲ್ಮೆಟ್ ಹಾಕಿಕೊಂಡು ಅವನ ಬೆನ್ನಿನ ಕೊಕ್ಕೆಯನ್ನು ಎರಡು ಸಲ ಎಳೆದು ನೋಡಿದರು. ಅವನೂ ಅವರದನ್ನು ಎಳೆದು ನೋಡಿದ. ಇಬ್ಬರೂ ತೊಟ್ಟಿಲೊಳಗೆ ಇಳಿದರು.

ಗಾಜಿಗೆ ಸೋಪಿನ ನೀರು ಬಳಿಯುವುದು, ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ರಬ್ಬರು ಎಳೆಯುವುದು, ಅಂಚಿನಲ್ಲಿ ಉಳಿದ ಹನಿಯನ್ನು ಬಟ್ಟೆಯಿಂದ ಒತ್ತುವುದು. ಒಳಗೆ ಒಬ್ಬ ಮನುಷ್ಯ ಫೋನಿನಲ್ಲಿ ಮಾತಾಡುತ್ತ ಓಡಾಡುತ್ತಿದ್ದ, ಅವನ ಕಣ್ಣು ಗಾಜಿನ ಈಚೆಗಿದ್ದ ಇವರನ್ನು ದಾಟಿ ಆಕಾಶಕ್ಕೆ ಹೋಗುತ್ತಿತ್ತು. ತೊಟ್ಟಿಲಲ್ಲಿ ನಿಂತ ಅವನಿಗೆ ಇದು ಇಷ್ಟ. ಕಣ್ಣೆದುರಿಗಿದ್ದೂ ಯಾರ ಕಣ್ಣಿಗೂ ಬೀಳದಿರುವುದು. ಒಂದು ಮಹಡಿ ಮುಗಿದು ಇನ್ನೊಂದಕ್ಕೆ ಇಳಿದರು. ಸೋಪಿನ ನೊರೆ ಗಾಜಿನ ಮೇಲೆ ಇಳಿದು ಒಳಗಿನ ಕೋಣೆ ಮಸುಕಾಯಿತು. ಮಸುಕಿನಲ್ಲಿ ಯಾರೋ ಬಗ್ಗಿ ಏನನ್ನೋ ಎತ್ತಿಕೊಳ್ಳುತ್ತಿದ್ದರು. ಅವನು ಚಿಕ್ಕವನಿದ್ದಾಗ ಒಮ್ಮೆ ಹಾಗೇ ಬಗ್ಗಿದ್ದಳು ಅಮ್ಮ, ಮಂಚದ ಪಕ್ಕ ಮಂಡಿಯೂರಿ. ಮಧ್ಯಾಹ್ನ. ಮಂಚದ ಮೇಲೆ ಪುಟ್ಟಿ, ಅವನ ತಂಗಿ, ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಜ್ವರದಲ್ಲಿ ಕಣ್ಣು ಅರ್ಧ ತೆರೆದು ಮಲಗಿದ್ದಳು. ಹಣೆಯ ಮೇಲಿನ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ತರುವ ಕೆಲಸ ಅವನದು. ಅಪ್ಪ ಡಾಕ್ಟರನ್ನು ಕರೆತರಲು ಹೋದವನು ಬಂದಿರಲಿಲ್ಲ, ಅಕ್ಕ ಹೊರಬಾಗಿಲಲ್ಲಿ ಕೂತು ದಾರಿ ಕಾಯುತ್ತಿದ್ದಳು. ಹಿಂದಿನ ದಿನವೆಲ್ಲ ಅಮ್ಮ ದೇವರನ್ನು ಬೇಡಿಕೊಂಡಿದ್ದನ್ನು ಅವನು ಕೇಳಿಸಿಕೊಂಡಿದ್ದ: ಬಿಡು, ಇವಳನ್ನ ಬಿಟ್ಟುಕೊಡು, ನನ್ನ ತಗೋ, ಏನು ಬೇಕಾದರೂ ತಗೋ. ಅಲ್ಲಿಯವರೆಗೆ ಅವನಿಗೆ ಹೆದರಿಕೆಯಾಗಿರಲಿಲ್ಲ, ಯಾಕೆಂದರೆ ಅಮ್ಮ ಜಗಳ ಆಡುತ್ತಿದ್ದಳು, ಅಮ್ಮ ಜಗಳದಲ್ಲಿ ಸೋತದ್ದನ್ನು ಅವನು ನೋಡಿರಲಿಲ್ಲ. ಆ ಮಧ್ಯಾಹ್ನ ಅವನು ಒದ್ದೆ ಬಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಅವಳ ದನಿ ಬದಲಾಗಿತ್ತು. ಕೂಗಿರಲಿಲ್ಲ, ಅತ್ತಿರಲಿಲ್ಲ. ನಿನ್ನ ಚಿತ್ತದಂತೆಯೇ ಆಗಲಿ ಎಂದಳು. ಬಟ್ಟೆಯಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಸಾಯಂಕಾಲ ದೀಪ ಹಚ್ಚುವ ಮೊದಲೇ ಪುಟ್ಟಿ ಹೋದಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ ಎಂದು ನೆರೆಮನೆಯ ಹೆಂಗಸು ಬೇರೆ ಯಾವುದೋ ವಿಷಯಕ್ಕೆ ಹೇಳಿದ ಗಾದೆ ಅವನ ಕಿವಿಯಲ್ಲಿತ್ತು. ಅದು ತಪ್ಪಿ ಇಲ್ಲಿಗೆ ಬಂದು ಕೂತುಕೊಂಡಿತು, ಎದ್ದು ಹೋಗಲೇ ಇಲ್ಲ. ಸಾವು ಒಳಗೆ ಬಾರದಂತೆ ಅಮ್ಮ ಬಾಗಿಲನ್ನು ಒತ್ತಿ ಹಿಡಿದಿದ್ದಳು. ಅಮ್ಮನೇ ಕೈ ಬಿಟ್ಟಳು. ದೊಡ್ಡವನಾದ ಮೇಲೆ ಇದು ಹುಚ್ಚು ಯೋಚನೆ ಎಂದು ಅವನಿಗೆ ಗೊತ್ತಾಗಿತ್ತು, ಆದರೆ ಗೊತ್ತಾದ ಮಾತ್ರಕ್ಕೆ ಆ ಸಾಲು ಅವನ ಬಾಯಿಂದ ಹೊರಡಲಿಲ್ಲ. ಭಾನುವಾರ ಎಲ್ಲ ಮುಗಿದ ಮೇಲೆ ಪಾದ್ರಿಯವರು ಹೊರಗೆ ನಿಂತು, ಹೆದರಬೇಡ, ದೇವರು ನಾವು ಹೇಳಿ ತಿಳಿದುಕೊಳ್ಳುವವನಲ್ಲ ಎಂದಿದ್ದರು. ಹಾಗಾದರೆ ಯಾಕೆ ಹೇಳಬೇಕು ಎಂದು ಕೇಳಬೇಕೆನ್ನುವಷ್ಟರಲ್ಲಿ ಬೇರೆ ಯಾರೋ ಅವರ ಕೈ ಕುಲುಕಲು ಬಂದರು.

“ಭಾನುವಾರ ಏನಾಗಿತ್ತು ನಿನಗೆ?” ಎಂದರು ಭಾವ.

ರಬ್ಬರು ಎಳೆಯುತ್ತಿದ್ದ ಕೈ ನಿಂತಿತು. ಭಾವ ಅವನ ಕಡೆ ನೋಡುತ್ತಿರಲಿಲ್ಲ, ಕೆಳಗಿನ ಮಹಡಿಗೆ ಇಳಿಯಲು ಗುಂಡಿಗೆ ಕೈ ಹಾಕುತ್ತಿದ್ದರು. ಅವನೂ ತನ್ನ ಗುಂಡಿ ಒತ್ತಿದ. “ಮರೆತುಹೋಯ್ತು” ಎಂದ.

“ಮರೆಯೋ ಸಾಲೇನೋ ಅದು? ನಾನು ಪಕ್ಕದಲ್ಲಿ ನಿಂತು ಎಷ್ಟು ವರ್ಷ ಆಯ್ತು. ಆ ಸಾಲಿಗೆ ನಿನ್ನ ದನಿ ಬರಲ್ಲ. ಹಿಂದೇನೂ ಬರ್ತಿರಲಿಲ್ಲ.”

ಗೊತ್ತಿತ್ತು. ಭಾವನಿಗೆ ಇಷ್ಟು ದಿನವೂ ಗೊತ್ತಿತ್ತು. ಅವನ ಕಿವಿ ಬಿಸಿಯಾಯಿತು. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಅವನ ಪಕ್ಕದ ಮೋಟಾರು ಒಮ್ಮೆ ಗೊರಕೆ ಹೊಡೆದಂತೆ ಸದ್ದು ಮಾಡಿ ಸುಮ್ಮನಾಯಿತು. ಭಾವನ ಕಡೆಯದು ನಿಲ್ಲಲಿಲ್ಲ. ಅವರು ಬೆರಳು ತೆಗೆಯುವಷ್ಟರಲ್ಲಿ ಅವರ ತುದಿ ಕೆಳಗೆ ಹೋಗಿತ್ತು. ತೊಟ್ಟಿಲು ಓರೆಯಾಯಿತು, ಬಕೆಟ್ಟು ಜಾರಿ, ಕಂಬಿಗೆ ಬಡಿದು, ಮಗುಚಿ, ಕೆಳಗೆ ಹೋಯಿತು. ಅದು ನೆಲ ಮುಟ್ಟಿದ ಸದ್ದು ಬರಲು ಹಿಡಿದ ಹೊತ್ತಿನಲ್ಲಿ ಅವನಿಗೆ ಎತ್ತರ ಅಂದರೆ ಏನು ಎಂಬುದು ಮೊದಲ ಸಲ ಗೊತ್ತಾಯಿತು. ಎಲ್ಲೋ ಕಬ್ಬಿಣ ಕಬ್ಬಿಣವನ್ನು ಕಚ್ಚಿ ಹಿಡಿದ ಸದ್ದಾಯಿತು. ಓರೆಯಾದರೆ ತಾನೇ ಬಿಗಿದುಕೊಳ್ಳುವ ಬೀಗ ಭಾವನ ಪಕ್ಕದ ಹಗ್ಗವನ್ನು ಹಿಡಿದಿತ್ತು. ತೊಟ್ಟಿಲು ನಿಂತಿತು. ಆಮೇಲೆ ಗಾಳಿ ಅದನ್ನು ನಿಧಾನವಾಗಿ ಗೋಡೆಯಿಂದ ಆಚೆಗೆ ತಳ್ಳಿ, ಮತ್ತೆ ಗಾಜಿಗೆ ತಂದು ಕುಟ್ಟಿತು. ಕೇಳಿಸಿಕೊಂಡ, ಎಂದುಕೊಂಡ ಅವನು. ನಮ್ಮ ಮಾತು ದೇವರಿಗೆ ಕೇಳಿಸಿತು. ನೋಡಿಬಿಟ್ಟ.

ಭಾವ ಕೆಳಗಿನ ತುದಿಯಲ್ಲಿ ಕಂಬಿಯನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು. ತಾರಸಿಗೆ ಬೇರೆಯಾಗಿ ಕಟ್ಟಿದ ಬೆಲ್ಟಿನ ಹಗ್ಗ ಇಬ್ಬರದೂ ಬಿಗಿಯಾಗಿತ್ತು. ತೊಟ್ಟಿಲು ಬಿದ್ದರೂ ತಾವು ಬೀಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಆದರೆ ತರಬೇತಿ ನಡೆದದ್ದು ನೆಲದ ಮೇಲೆ. ಅವನು ಸೊಂಟದ ವಾಕಿಟಾಕಿ ತೆಗೆದು ತಾರಸಿಯಲ್ಲಿದ್ದ ಮೆಕ್ಯಾನಿಕ್‌ಗೆ ಹೇಳಿದ. ಅದಕ್ಕೆ ಮೊದಲು ಎರಡು ಸಲ ತಪ್ಪು ಗುಂಡಿ ಒತ್ತಿದ್ದ. “ಅಲ್ಲಾಡಬೇಡಿ, ಏನೂ ಮುಟ್ಟಬೇಡಿ, ಮೇಲೆ ಹಗ್ಗ ನೋಡಿಬಿಟ್ಟು ಹೇಳ್ತೀನಿ” ಎಂದಿತು ಆ ಕಡೆಯ ದನಿ. ಆಗ ಅವನಿಗೆ ಗಾಜಿನ ಒಳಗಿದ್ದ ಹೆಂಗಸು ಕಂಡಳು. ಚಿಕ್ಕ ಆಫೀಸು ಕೋಣೆ, ಮೇಜು, ಕುರ್ಚಿಯ ಬೆನ್ನಿಗೆ ಹಾಕಿದ ಸ್ವೆಟರು. ಅವಳು ಎದ್ದು ನಿಂತಿದ್ದಳು, ಒಂದು ಕೈ ಬಾಯಿಯ ಮೇಲೆ. ಅವಳು ಅವನನ್ನೇ ನೋಡುತ್ತಿದ್ದಳು, ದಾಟಿ ಹೋಗದೆ ಅವನನ್ನೇ. ಅವನು ಕೈ ಎತ್ತಿದ, ಯಾಕೆಂದು ಅವನಿಗೂ ಗೊತ್ತಿಲ್ಲ, ಈ ಗಾಜು ತೆರೆಯುವ ಗಾಜಲ್ಲ. ಅವಳು ಕಿಟಕಿಯ ಹತ್ತಿರ ಬಂದಳು. ಬಂದು, ಪಕ್ಕದ ದಾರವನ್ನು ಹಿಡಿದು ಎಳೆದಳು. ಪರದೆ ಅವಳ ಮುಖದ ಮೇಲಿಂದ, ಎದೆಯ ಮೇಲಿಂದ, ಕಾಲಿನ ತನಕ ಇಳಿದು ಮುಚ್ಚಿಕೊಂಡಿತು. ಎದುರಿಗೆ ಬೂದುಬಣ್ಣದ ಬಟ್ಟೆ, ಅದರ ಮುಂದಿನ ಗಾಜಿನಲ್ಲಿ ಓರೆಯಾಗಿ ನಿಂತ ಅವನೇ.

ಆ ಅವಮಾನ ಎಷ್ಟು ಚೂಪಾಗಿತ್ತೆಂದರೆ ಅರೆಕ್ಷಣ ಹೆದರಿಕೆಯೂ ಮರೆತುಹೋಯಿತು. ಸಾಯುವವರನ್ನು ನೋಡಿ ಕದ ಹಾಕಿಕೊಂಡಳು.

“ಏನಾದ್ರೂ ಹೇಳು” ಎಂದರು ಭಾವ.

ಅವರ ದನಿಯೆಂದು ಗುರುತು ಹತ್ತಲಿಲ್ಲ. ತೆಳ್ಳಗೆ, ಮುದುಕರ ದನಿಯಂತಿತ್ತು. ಅವನು ತಿರುಗಿ ನೋಡಿದ. ಭಾವನ ಪ್ಯಾಂಟು ತೊಡೆಯ ಹತ್ತಿರ ಕಪ್ಪಗೆ ಒದ್ದೆಯಾಗಿತ್ತು. ಬಕೆಟ್ಟಿನ ನೀರಿರಬೇಕು ಎಂದು ನೋಡಿ ಅಲ್ಲವೆಂದು ತಿಳಿದು ಅವನು ಕಣ್ಣು ಬೇರೆ ಕಡೆ ಹೊರಳಿಸಿದ.

“ಮೆಕ್ಯಾನಿಕ್ ನೋಡ್ತಿದ್ದಾನಂತೆ ಭಾವ. ಈಗ ಹೇಳ್ತಾನೆ.”

“ಅದಲ್ಲ. ಪ್ರಾರ್ಥನೆ. ನನಗೆ ಬರ್ತಿಲ್ಲ.”

“ಏನು ಬರ್ತಿಲ್ಲ?”

“ಒಂದಕ್ಷರ ಬರ್ತಿಲ್ಲ ಕಣೋ. ಖಾಲಿ ಆಗಿಬಿಟ್ಟಿದೆ.” ಭಾವ ಹಣೆಯನ್ನು ಕಂಬಿಗೆ ಒತ್ತಿದರು. “ದಿನಾ ಮೇಲೆ ನಿಂತು ಅಷ್ಟುದ್ದ ಮಾತಾಡ್ತೀನಲ್ಲ. ಈಗ ಯಾರಿಗೆ ಮಾತಾಡ್ತಿದ್ದೆ ಅನ್ನೋದೇ ಗೊತ್ತಾಗ್ತಿಲ್ಲ. ನೀನು ಹೇಳು. ಚಿಕ್ಕ ಮಕ್ಕಳು ಹೇಳೋದಾದ್ರೂ ಪರವಾಗಿಲ್ಲ.”

ಗಾಳಿ ಮತ್ತೆ ತಳ್ಳಿತು. ಗಾಜಿಗೆ ಬಂದು ಬಡಿಯುವಾಗ ಹಲ್ಲು ಕಚ್ಚಿಕೊಳ್ಳಬೇಕಿತ್ತು. ಅವನು ಶುರು ಮಾಡಿದ. ಬೇರೆ ಯಾವುದೂ ಅವನಿಗೆ ಗೊತ್ತಿರಲಿಲ್ಲ, ಭಾನುವಾರದ್ದನ್ನೇ ಶುರು ಮಾಡಿದ. ತಂದೆಯೇ ಎಂದ. ತುಟಿ ಒಣಗಿ ಹಲ್ಲಿಗೆ ಅಂಟಿಕೊಳ್ಳುತ್ತಿತ್ತು. ಹೆಸರು, ರಾಜ್ಯ. ಆ ಜಾಗ ಬಂತು. ಮೇಲೆ ನೋಡಿದ, ಹಗ್ಗ ಕೂದಲೆಳೆಯಷ್ಟು ಸಣ್ಣಗಾಗುತ್ತ ಹೋಗಿ ತಾರಸಿಯ ಅಂಚಿನಲ್ಲಿ ಮಾಯವಾಗಿತ್ತು. ಇದನ್ನು ಹೇಳಿದ ಕೂಡಲೇ ಹರಿಯುತ್ತದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಇಷ್ಟು ಹೊತ್ತು ಅದು ಹರಿಯದೆ ಇರುವುದೇ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು. ಅವನು ಹಾರಿ ಮುಂದಿನ ಸಾಲಿಗೆ, ದಿನದ ಊಟ ಕೇಳುವಲ್ಲಿಗೆ ಹೋದ.

“ಬಿಟ್ಟೆ” ಎಂದರು ಭಾವ, ಕಣ್ಣು ತೆರೆಯದೆ. “ಒಂದು ಸಾಲು ಬಿಟ್ಟೆ.”

“ಹೂಂ.”

“ಇವತ್ತಾದ್ರೂ ಬಿಡಬೇಡಪ್ಪ.”

“ನೀವೇ ಹೇಳಿ, ಆವತ್ತು ಹೇಳಿದ್ರಲ್ಲ.”

“ಬರ್ತಿಲ್ಲ ಅಂದ್ನಲ್ಲೋ.”

“ನನಗೂ ಬರಲ್ಲ ಭಾವ” ಎಂದ ಅವನು. “ಅದನ್ನ ಹೇಳೋಕೆ ಹೆದರಿಕೆ. ಹೇಳಿದ್ರೆ ಆಗೋಗುತ್ತೆ. ಅವನ ಇಷ್ಟ ಏನಿರುತ್ತೋ ಯಾರಿಗೆ ಗೊತ್ತು? ಪುಟ್ಟಿ ಸತ್ತಾಗ ಅಮ್ಮ ಹೇಳಿದ್ಲು. ಹೇಳಿದ ಮೇಲೇ ಸತ್ತಿದ್ದು.”

ಹೀಗೆ ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಿದ ಮೇಲೆ ಅದು ಸಣ್ಣ ಮಗುವಿನ ಮಾತಿನಂತೆ ಇತ್ತು, ಅವನಿಗೆ ನಾಚಿಕೆಯಾಯಿತು. ಭಾವ ನಗಬಹುದು ಎಂದುಕೊಂಡ. ಭಾವ ಕಣ್ಣು ತೆರೆದು ಅವನನ್ನು ನೋಡಿದರು.

“ಹಾಗಾದ್ರೆ ಅದನ್ನೇ ಹೇಳು” ಎಂದರು.

“ಯಾವುದನ್ನ?”

“ಈಗ ನನಗೆ ಹೇಳಿದೆಯಲ್ಲ. ಅವನಿಗೂ ಹೇಳು. ಹೆದರಿಕೆ ಅಂತ ಹೇಳು.”

ಪರದೆಯ ಮುಂದಿನ ಗಾಜಿನಲ್ಲಿ ಅವನ ಮುಖ ಬಂದು ಹೋಗುತ್ತಿತ್ತು. ಕೊನೆಯ ಬೆಂಚಿನಲ್ಲಿ ಬೆನ್ನು ಬಗ್ಗಿಸಿ ಕೂತು ಸವೆದ ಮುಖ. ಬಚ್ಚಿಟ್ಟುಕೊಳ್ಳಲು ಇಲ್ಲಿ ಜಾಗ ಇರಲಿಲ್ಲ. ಮುಂದೆ ಗಾಜು, ಹಿಂದೆ ಬಯಲು. “ಹೆದರಿಕೆ ಆಗ್ತಿದೆ” ಎಂದ ಅವನು. ಯಾರ ಕಡೆ ತಿರುಗಿ ಹೇಳಬೇಕೆಂದು ತಿಳಿಯದೆ ಹಗ್ಗದ ಕಡೆ ನೋಡಿ ಹೇಳಿದ. “ನನಗೆ ಹೆದರಿಕೆ ಆಗ್ತಿದೆ. ಭಾವನಿಗೂ ಆಗ್ತಿದೆ. ನೀನು ಅಂದ್ರೆ ನನಗೆ ಹೆದರಿಕೆ.” ಆಕಾಶ ಬಿರಿಯಲಿಲ್ಲ. ಹಗ್ಗ ಹಾಗೇ ಇತ್ತು. ಎದೆಯ ಬಡಿತವೂ ಕಡಿಮೆಯಾಗಲಿಲ್ಲ, ಧೈರ್ಯವೆಂಬುದು ಎಲ್ಲಿಂದಲೂ ಬರಲಿಲ್ಲ. ಆದರೂ ಅವನು ಅದನ್ನೇ ಹೇಳುತ್ತ ಹೋದ, ಒಂದೇ ಮಾತನ್ನು, ಅರ್ಥ ಸವೆದು ಬರೀ ಉಸಿರಾಗುವ ತನಕ. ಭಾವ ಕಂಬಿ ಹಿಡಿದುಕೊಂಡೇ ಹಿಂದಿನಿಂದ ಹೇಳುತ್ತಿದ್ದರು, ಸಭೆಯವರು ಹೇಳುವಂತೆ, ಒಂದೊಂದು ಪದ ತಡವಾಗಿ.

ವಾಕಿಟಾಕಿ ಕರೆಯಿತು. ಹಗ್ಗಗಳು ಚೆನ್ನಾಗಿವೆ, ಅವನ ಪಕ್ಕದ ಮೋಟಾರು ಮಾತ್ರ ಕೆಟ್ಟಿದೆ, ತೊಟ್ಟಿಲು ಸಮವಾಗುವ ತನಕ ಭಾವನ ಕಡೆಯ ಬೀಗ ಬಿಡುವುದಿಲ್ಲ ಎಂದ ಮೆಕ್ಯಾನಿಕ್. “ನಿನ್ನ ಮೋಟಾರಿನ ಹಿಂದೆ ಕೆಂಪು ಹಿಡಿಕೆ ಇದೆ ನೋಡು. ಅದನ್ನ ಎತ್ತಿದ್ರೆ ಬ್ರೇಕು ಬಿಡುತ್ತೆ, ನಿನ್ನ ತುದಿ ತಾನೇ ಕೆಳಗೆ ಬರುತ್ತೆ. ಸ್ವಲ್ಪ ಎತ್ತು, ಬಿಡು. ಸ್ವಲ್ಪ ಎತ್ತು, ಬಿಡು.”

“ಬ್ರೇಕು ಬಿಡಬೇಕಾ?”

“ಹೂಂ. ಅದೊಂದೇ ದಾರಿ.”

ಅವನ ತುದಿಯನ್ನು ಈಗ ಎತ್ತಿ ಹಿಡಿದಿದ್ದದ್ದು ಆ ಬ್ರೇಕೊಂದೇ. ಅವನು ಹಿಡಿಕೆಯ ಮೇಲೆ ಕೈ ಇಟ್ಟ. ಬಿಸಿಲಿಗೆ ಕಾದಿತ್ತು. ಬೆರಳು ಅದನ್ನು ಹಿಡಿದವು, ಆದರೆ ಎತ್ತಲಿಲ್ಲ. ತೋಳು ಅವನ ಮಾತು ಕೇಳುತ್ತಿರಲಿಲ್ಲ. ಮಂಚದ ಪಕ್ಕದ ಆ ಬೆನ್ನು ಅವನಿಗೆ ಕಂಡಿತು, ಇಷ್ಟು ವರ್ಷ ಕಂಡಂತೆಯೇ ಬಾಗಿಲಿನಿಂದ, ಹಿಂದಿನಿಂದ. ಆದರೆ ಅಮ್ಮನ ಕೈಗಳು ಆಗ ಎಲ್ಲಿದ್ದವು ಎಂಬುದು ತನಗೆ ಗೊತ್ತಿಲ್ಲ, ಅವಳ ಮುಖ ಹೇಗಿತ್ತೆಂದು ತಾನು ನೋಡೇ ಇಲ್ಲ ಎಂದು ಅವನಿಗೆ ಮೊದಲ ಸಲ ಹೊಳೆಯಿತು. ಕೆಳಗಿನಿಂದ ಭಾವ, “ಎತ್ತಪ್ಪ, ನಾನಿದ್ದೀನಿ” ಎಂದರು. ತೋಯ್ದ ಪ್ಯಾಂಟಿನಲ್ಲಿ ಕಂಬಿ ತಬ್ಬಿ ಕೂತ ಮನುಷ್ಯ ನಾನಿದ್ದೀನಿ ಎನ್ನುವುದು ಎಂಥ ಮಾತು, ಆದರೂ ಅದನ್ನು ಕೇಳಿ ಅವನ ಕೈ ಮೇಲೆದ್ದಿತು. ತೊಟ್ಟಿಲು ಕುಸಿಯಿತು. ಹಿಡಿಕೆ ಬಿಟ್ಟ. ನಿಂತಿತು. ಅವನ ಬಾಯಿಂದ ಏನೋ ಬಂತು, ಕೂಗೋ, ಅಮ್ಮಾ ಎಂದೋ, ಇಷ್ಟು ವರ್ಷ ಬಿಟ್ಟಿದ್ದ ಆ ಸಾಲೇ ಹೌದೋ ಅವನಿಗೆ ತಿಳಿಯಲಿಲ್ಲ, ಆಮೇಲೆ ಭಾವನನ್ನು ಕೇಳಿದಾಗ ಅವರಿಗೂ ತಿಳಿದಿರಲಿಲ್ಲ. ಮತ್ತೆ ಎತ್ತಿದ, ಮತ್ತೆ ಕುಸಿಯಿತು. ಸ್ವಲ್ಪ ಸ್ವಲ್ಪವೇ ಭಾವನ ಮುಖ ಅವನ ಮುಖದ ಮಟ್ಟಕ್ಕೆ ಬಂತು. ಬೀಗ ಟಕ್ಕೆಂದು ಬಿಟ್ಟುಕೊಂಡಿತು. ಆಮೇಲೆ ಇಬ್ಬರೂ ತಮ್ಮ ತಮ್ಮ ಹಿಡಿಕೆ ಎತ್ತುತ್ತ, ಬಿಡುತ್ತ, ಒಬ್ಬರಿಗೊಬ್ಬರು ಈಗ, ಈಗ ಎಂದು ಹೇಳುತ್ತ, ಒಂದೊಂದು ಮಹಡಿಯ ಗಾಜನ್ನೂ ಒರೆಸದೆ ದಾಟಿಕೊಂಡು ನೆಲಕ್ಕೆ ಬಂದರು.

ನೆಲದ ಮೇಲೆ ಬಕೆಟ್ಟು ಚಪ್ಪಟೆಯಾಗಿ ಬಿದ್ದಿತ್ತು. ಯಾರೂ ಹತ್ತಿರ ಬರದಂತೆ ಸುತ್ತ ಕಟ್ಟಿದ್ದ ಹಗ್ಗದ ಆಚೆ ನಿಂತ ಜನ ಇನ್ನು ನೋಡಲು ಏನೂ ಇಲ್ಲವೆಂದು ಚದುರಿದರು. ಸೂಪರ್‌ವೈಸರ್ ಬಂದು ಇಬ್ಬರ ಬೆನ್ನೂ ತಟ್ಟಿ, ಇವತ್ತು ಮನೆಗೆ ಹೋಗಿ, ನಾಳೆ ಬೇರೆ ತೊಟ್ಟಿಲು ಬರುತ್ತದೆ ಎಂದರು. ಅವನು ತನ್ನ ಜಾಕೆಟ್ಟು ಬಿಚ್ಚಿ, ಮಾತಿಲ್ಲದೆ, ಭಾವನ ಸೊಂಟಕ್ಕೆ ಮುಂದಿನಿಂದ ಕಟ್ಟಿದ. ಭಾವ ಕಟ್ಟಿಸಿಕೊಂಡರು. ಬಟ್ಟೆ ಬದಲಿಸಲೆಂದು ಅವರು ಒಳಗೆ ಹೋದಾಗ ಅವನು ಕಟ್ಟಡದ ಮುಂಬಾಗಿಲಲ್ಲಿ ಗೋಡೆಗೆ ಒರಗಿ ನಿಂತಿದ್ದ. ಕಾಲು ಈಗ ನಡುಗಲು ಶುರುವಾಗಿತ್ತು. ಲಿಫ್ಟಿನಿಂದ ಒಬ್ಬ ಹೆಂಗಸು ಹೊರಬಂದು ಅತ್ತಿತ್ತ ನೋಡಿ ನೇರವಾಗಿ ಅವನ ಹತ್ತಿರ ಬಂದಳು. ಕುರ್ಚಿಯ ಬೆನ್ನಿಗಿದ್ದ ಸ್ವೆಟರು ಈಗ ಅವಳ ಮೈಮೇಲಿತ್ತು, ಅದರಿಂದ ಅವನಿಗೆ ಗುರುತು ಹತ್ತಿತು.

“ನೀವೇ ಅಲ್ವಾ?” ಎಂದಳು. “ನಾನು ಪರದೆ ಎಳೆದೆ.”

“ನೋಡಿದೆ.”

“ನೋಡೋಕಾಗ್ಲಿಲ್ಲ. ಕೆಳಗಡೆಗೆ ಫೋನ್ ಮಾಡಿದೆ, ಗೊತ್ತಾಗಿದೆ ಅಂದ್ರು. ಆಮೇಲೆ ಏನು ಮಾಡಬೇಕು ಅಂತ ತಿಳೀಲಿಲ್ಲ. ಅಲ್ಲೇ ನಿಂತಿದ್ದೆ, ಪರದೆ ಹಿಂದೆ. ನೀವು ಇಳಿಯೋ ತನಕ. ಗಾಜಿಗೆ ಬಡೀತಿತ್ತಲ್ಲ, ಅದು ಕೇಳ್ತಿತ್ತು.” ಅವಳ ಕಣ್ಣು ಕೆಂಪಾಗಿದ್ದವು. ಅವಳು ಏನನ್ನೋ ಕಾಯುತ್ತಿದ್ದಳು.

ನೀವು ಹಿಂದೆ ನಿಂತಿದ್ದರೆ ನಮಗೇನು ಬಂತು ಎಂದು ಕೇಳಬೇಕೆನಿಸಿತು ಅವನಿಗೆ. ಸಿಟ್ಟು ನಿಜವಾಗಿಯೇ ಬಂದಿತ್ತು. “ಪರವಾಗಿಲ್ಲ ಬಿಡಿ ಮೇಡಂ” ಎಂದ. ಅವಳು ತಲೆಯಾಡಿಸಿ ಲಿಫ್ಟಿನ ಕಡೆ ಹೋದಳು. ಹೋಗುವಾಗ ಅವಳು ಚಪ್ಪಲಿ ಹಾಕಿಕೊಂಡಿಲ್ಲವೆಂದು, ಬರಿಗಾಲಲ್ಲೇ ಮೇಲಿನಿಂದ ಬಂದಿದ್ದಾಳೆಂದು ಕಂಡಿತು. ಸಿಟ್ಟು ಇದ್ದ ಹಾಗೇ ಇತ್ತು, ಆದರೆ ಅದನ್ನು ಎಲ್ಲಿ ಇಡುವುದೆಂದು ಅವನಿಗೆ ತೋಚಲಿಲ್ಲ.

ಮನೆಯಲ್ಲಿ ಅಕ್ಕನಿಗೆ ಭಾವ ಮೋಟಾರು ಕೆಟ್ಟಿತ್ತು, ಬೇಗ ಬಿಟ್ಟರು ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅಕ್ಕ ಅವರ ಹಣೆ ಮುಟ್ಟಿ ನೋಡಿದಳು, ತಮ್ಮನ ಮುಖ ನೋಡಿದಳು, ಏನೋ ಮುಚ್ಚಿಡುತ್ತಿದ್ದೀರಿ ಇಬ್ಬರೂ ಎಂದು ಗೊಣಗಿಕೊಂಡು ಒಲೆಯ ಕಡೆ ಹೋದಳು. ಅಮ್ಮ ಹಿಂದಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಕಣ್ಣು ಮಂಜಾದ ಮೇಲೆ ಮನೆಯಲ್ಲಿ ಅವಳಿಗೆ ಬಿಟ್ಟಿದ್ದ ಕೆಲಸ ಅದೊಂದೇ. ಅಂಗಿ ಯಾರದೆಂದು ಕೈಯಲ್ಲಿ ಮುಟ್ಟಿ ತಿಳಿದುಕೊಂಡು ಬೇರೆ ಬೇರೆ ಇಡುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ. ಬಾಗಿಲಲ್ಲಿ ನಿಲ್ಲುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಅವಳ ಜೊತೆ ಒಂದೇ ಸೂರಿನ ಕೆಳಗೆ ಇದ್ದುಕೊಂಡು ಇಷ್ಟು ವರ್ಷ ಊಟ, ಔಷಧಿ, ನಿದ್ದೆ ಇವುಗಳ ಹೊರತು ಅವನು ಬೇರೆ ಮಾತಾಡಿದ್ದು ಕಡಿಮೆ. ಅವಳು ಅದನ್ನು ಗಂಡುಮಗನ ಸ್ವಭಾವ ಎಂದುಕೊಂಡಿರಬೇಕು.

“ಅಮ್ಮಾ” ಎಂದ. “ಪುಟ್ಟಿಗೆ ಜ್ವರ ಬಂದಾಗ, ಆ ಮಧ್ಯಾಹ್ನ, ನಿನ್ನ ಚಿತ್ತ ಅಂದೆಯಲ್ಲ. ಯಾಕೆ ಹಾಗಂದೆ?”

ಅಮ್ಮನ ಕೈ ಅಂಗಿಯ ತೋಳಿನ ಮೇಲೆ ನಿಂತಿತು. ಹೊರಗೆ ಅಕ್ಕ ಪಾತ್ರೆ ಇಟ್ಟ ಸದ್ದಾಯಿತು.

“ನೀನು ಅಲ್ಲಿದ್ದೆಯಾ?”

“ಬಾಗಿಲಲ್ಲಿ.”

ಅವಳು ಅಂಗಿಯ ತೋಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಅವನಿಗೆ ಹೆದರಿಕೆಯಾಯಿತು, ತೊಟ್ಟಿಲಲ್ಲಿ ಆದಷ್ಟೇ.

“ಒಪ್ಪಿಕೊಂಡು ಹೇಳಿದೆ ಅಂದ್ಕೊಂಡಿದ್ದೀಯಾ?” ಎಂದಳು ಕೊನೆಗೆ. “ಒಪ್ಪಿರಲಿಲ್ಲ ಕಣೋ. ಇವತ್ತಿಗೂ ಒಪ್ಪಿಲ್ಲ. ಅವನ ಹತ್ರ ಹೋದಾಗ ಮೊದಲು ಕೇಳೋದು ಅದನ್ನೇ.”

“ಮತ್ತೆ?”

“ಎರಡು ದಿನ ಅವನ ಜೊತೆ ಚೌಕಾಸಿ ಮಾಡಿದೆ. ಅದು ಕೊಡ್ತೀನಿ, ಇದು ಬಿಡ್ತೀನಿ, ಇವಳನ್ನ ಕೊಡು ಅಂತ. ಮಗು ಪಕ್ಕದಲ್ಲೇ ಮಲಗಿದೆ, ಅದರ ಕಡೆ ನೋಡಿದ್ರೆ ಎಲ್ಲಿ ಸೋತುಬಿಡ್ತೀನೋ ಅಂತ ಅದರ ಮುಖಾನೇ ನೋಡಿರಲಿಲ್ಲ ನಾನು. ಅವಳು ಅಮ್ಮಾ ಅಂತ ಕರೀತಿದ್ರೂ ಕಣ್ಣು ಮುಚ್ಕೊಂಡು ಬೇಡ್ಕೊಳ್ತಿದ್ದೆ. ಇನ್ನೇನೂ ಉಳಿದಿಲ್ಲ ಅಂದಾಗ ಆ ಮಾತು ಬಂತು. ಅದು ಹೇಳಿದ ಮೇಲೆ ಕಣ್ಣು ಬಿಟ್ಟೆ. ಅವಳ ಮುಖ ನೋಡೋಕಾಯ್ತು. ಕೈ ಹಿಡ್ಕೊಂಡು ಕೊನೇ ತನಕ ನೋಡಿದೆ.” ಅವಳು ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. “ಅಷ್ಟೇ ಆಗಿದ್ದು. ಉಳಿಸಿಕೊಳ್ಳೋಕೆ ಆಗ್ಲಿಲ್ಲ.”

ಅವನು ಬಾಗಿಲು ಬಿಟ್ಟು ಒಳಗೆ ಬಂದ. ಅವನಿಗೆ ಸಮಾಧಾನ ಆಗಿರಲಿಲ್ಲ. ಬೇರೆ ಯಾವುದೋ ದೊಡ್ಡ ವಸ್ತು ಎದೆಯೊಳಗೆ ಜಾಗ ಬದಲಿಸುತ್ತಿತ್ತು.

“ಇವತ್ತು ಏನೋ ಆಗಿದೆ” ಎಂದಳು ಅಮ್ಮ. “ನಿನ್ನ ಭಾವನ ಕಾಲಿನ ಸದ್ದಿನಲ್ಲೇ ಗೊತ್ತಾಯ್ತು. ಹೇಳೋದು ಬೇಡ ಬಿಡು. ನಾಳೆ ಹೋಗ್ತೀಯಾ?”

“ಹೋಗಬೇಕು.”

“ಹೆದರಿಕೆ ಆಗುತ್ತಾ?”

“ಆಗುತ್ತೆ.”

“ನನಗೂ” ಎಂದಳು. “ದಿನಾ ನೀವಿಬ್ಬರೂ ಹೊಸಿಲು ದಾಟಿದ ಕೂಡಲೇ ಶುರುವಾಗುತ್ತೆ. ನೀವು ವಾಪಸ್ಸು ಬಂದು ಬಾಗಿಲು ಬಡಿಯೋ ತನಕ.”

“ಅಲ್ಲಿವರೆಗೂ ಏನು ಮಾಡ್ತೀಯ?”

ಅಮ್ಮ, ಗೊತ್ತಿದ್ದೂ ಕೇಳುತ್ತಾನೆ ಎನ್ನುವಂತೆ ಮಂಜುಗಣ್ಣಿನಲ್ಲಿ ಅವನು ನಿಂತಿರಬಹುದಾದ ಕಡೆ ನೋಡಿ, ಮಡಚಿಟ್ಟ ಬಟ್ಟೆಗಳನ್ನು ಒತ್ತಟ್ಟಿಗೆ ಸರಿಸಿ, ಹಾಸಿಗೆಯ ಮೇಲೆ ತನ್ನ ಪಕ್ಕದಲ್ಲಿ ಅವನಿಗೂ ಸ್ವಲ್ಪ ಜಾಗ ಮಾಡಿ ಕೈ ಜೋಡಿಸಿಕೊಂಡಳು.